ಸಾದಿನ ಬೊಟ್ಟು: ಒಂದು ಗೃಹದ್ರವ್ಯದ ಕಾಲವಿಚಾರ

ಭಾನುವಳ್ಳಿ ಮೊದಲಾದ ಹರಿಹರ ಸೀಮೆಯ ಗ್ರಾಮಗಳ ಗೃಹಜೀವನವನ್ನು ಕುರಿತು ಬರೆಯಹೊರಟವರು, ಹಣೆಗೂ ಕೂಸಿನ ಕೆನ್ನೆಗೂ ಇಡುವ ಸಬ್ಬಕ್ಕಿಯ ಸಾದನ್ನು ಅನಾದಿಯೆಂದು ಹೇಳಿಬಿಡುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ಸಾದು ಮಾಡುವ ಬಗೆಯನ್ನೇ ಮೊದಲು ನೋಡೋಣ. ಸಬ್ಬಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುವವರೆಗೆ ಹುರಿದು, ನೀರನ್ನು ಸ್ವಲ್ಪಸ್ವಲ್ಪವಾಗಿ ಎರೆಯುತ್ತ, ಕೈಬಿಡದೆ ತಿರುವುತ್ತ ಕುದಿಸುತ್ತಾರೆ. ಬಟ್ಟೆಯಲ್ಲಿ ಸೋಸಿ, ಮತ್ತೆ ಬತ್ತಿಸಿ, ಕರಟಕ್ಕೆ ಸುರಿದು ಒಣಗಿಸುತ್ತಾರೆ. ಬೇಕಾದಾಗ ಒಂದು ತೊಟ್ಟು ನೀರಿನಲ್ಲಿ ತೇಯ್ದರಾಯಿತು. ಒಮ್ಮೆಲೇ ನೀರು ಸುರಿದರೆ ಗಂಟು ಕಟ್ಟುತ್ತದೆ. ಬೆಂಕಿಯ ಕಾವಿಗೆ ಪಿಷ್ಟವು ಡೆಕ್ಸ್‌ಟ್ರಿನ್ ಎಂಬ, ನೀರಿನಲ್ಲಿ ಕರಗುವ ಅಂಟಾಗಿ ಮಾರ್ಪಡುವುದೇ ಇದರ ಗುಟ್ಟು. ಬಣ್ಣವೂ ಅಂಟೂ ಒಂದೇ ಕಾಳಿನಿಂದ!

ಆದರೆ ಸಬ್ಬಕ್ಕಿ, ಹೆಸರು ಏನೇ ಇರಲಿ, ಅಕ್ಕಿಯಲ್ಲ. ಮೊದಲು ಅದು ಮಲಯ ದ್ವೀಪಗಳ ತಾಳೆಜಾತಿಯ ಮರದ ತಿರುಳಿನಿಂದಾಗಿ ಹಡಗಿನಲ್ಲಿ ಬರುತ್ತಿತ್ತು. ಯುದ್ಧದಿಂದ ಆಮದು ನಿಂತಾಗ, 1943ರ ಸುಮಾರಿಗೆ, ಸೇಲಂನಲ್ಲಿ ಮರಗೆಣಸಿನಿಂದ ಮಾಡತೊಡಗಿದರು. ಮರಗೆಣಸಾದರೋ ಅಮೆರಿಕ ಖಂಡದ ಬೆಳೆ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ಯೋಗಗಳನ್ನು ಕನ್ನಡದಲ್ಲಿ ಹೇಳಿದಾಗ ಅದು ಈ ನಾಡಿನಲ್ಲಿ ಇರಲಿಲ್ಲ. ಬೊಟ್ಟು ಹಳೆಯದು, ಅದರ ಈಗಿನ ದ್ರವ್ಯ ಹೊಸದು.

ಹಾಗಾದರೆ ಸಬ್ಬಕ್ಕಿಗೆ ಮೊದಲು ಮಸಿಯನ್ನು ಹಣೆಯಲ್ಲಿ ಹಿಡಿದು ನಿಲ್ಲಿಸಿದ ಅಂಟು ಯಾವುದು? ತಣ್ಣೀರಿನಲ್ಲಿಯೂ ಕರಗುವ, ಬಯಲುಸೀಮೆಯಲ್ಲಿ ಕೈಗೆಟುಕುವ ಜಾಲಿಯ ಗೋಂದು ಆಗಿದ್ದಿರಬಹುದೆಂಬುದು ನಮ್ಮ ಊಹೆ. ಶಾಸನಗಳನ್ನು ಹುಡುಕುವ ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಿಯರನ್ನೂ ಈ ವಿಷಯದಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.