ರಾಜಲಾಂಛನವನ್ನು ಕಳಚಿದ ಚಕ್ರವರ್ತಿ

ಅಹಂಕಾರವೇ ಪಾಪಗಳ ಮೂಲವೆಂದು ಕ್ರೈಸ್ತ ಗುರುಗಳು ಮೊದಲಿನಿಂದಲೂ ಬೋಧಿಸುತ್ತ ಬಂದಿದ್ದಾರೆ. ಆದರೆ ತಲೆಬಾಗಿಯೇ ಬದುಕುವ ಬಡವನಿಗೆ ವಿನಯವನ್ನು ಬೋಧಿಸುವುದು ಸುಲಭ. ದಂಡಿಸುವ ಅಧಿಕಾರವುಳ್ಳವನು ತಲೆಬಾಗುವನೇ ಎಂಬುದೇ ನಿಜವಾದ ಪರೀಕ್ಷೆ. ಆ ಪರೀಕ್ಷೆಯ ಒಂದು ಪ್ರಸಂಗವನ್ನು 4ನೆಯ ಶತಮಾನದ ರೋಮನ್ ಇತಿಹಾಸದಲ್ಲಿ ನಾವು ಕಾಣುತ್ತೇವೆ.

ಕ್ರಿ.ಶ. 390ರಲ್ಲಿ ಗ್ರೀಸಿನ ಥೆಸಲೋನಿಕ ನಗರದಲ್ಲಿ ದಂಗೆಯೆದ್ದಿತು. ಸೇನಾಧಿಪತಿ ಬುಥೆರಿಕ್ ಜನಪ್ರಿಯ ಸಾರಥಿಯೊಬ್ಬನನ್ನು ಸೆರೆಯಲ್ಲಿಟ್ಟಿದ್ದ. ರಥಪಂದ್ಯಕ್ಕಾಗಿ ಅವನನ್ನು ಬಿಡಲೊಪ್ಪದ ಬುಥೆರಿಕನನ್ನು ಜನ ಕೊಂದರು. ಚಕ್ರವರ್ತಿ ಥಿಯೊಡೋಸಿಯಸ್ ಸಿಟ್ಟಿನ ಭರದಲ್ಲಿ ಪ್ರತೀಕಾರಕ್ಕೆ ಆಜ್ಞೆಯಿತ್ತನು. ಮನಸ್ಸು ಬದಲಿಸಿ ಆಜ್ಞೆಯನ್ನು ಹಿಂಪಡೆಯುವಷ್ಟರಲ್ಲಿ ಕಾಲ ಮೀರಿತ್ತು. ಅಪರಾಧಿ, ನಿರಪರಾಧಿ ಎಂಬ ವಿವೇಚನೆಯಿಲ್ಲದೆ ಸೈನಿಕರು ಜನರನ್ನು ಕೊಂದಿದ್ದರು. ಸತ್ತವರು 7,000 ಎಂದು ಮುಂದಿನ ಶತಮಾನದ ಚರಿತ್ರಕಾರ ಥಿಯೊಡೊರೆಟ್ ಬರೆದಿದ್ದಾನೆ.

ಚಕ್ರವರ್ತಿ ಆಗ ಇದ್ದದ್ದು ಇಟಲಿಯ ಮಿಲಾನಿನಲ್ಲಿ. ಅಲ್ಲಿನ ಧರ್ಮಾಧ್ಯಕ್ಷ ಆಂಬ್ರೋಸ್ ಅವನನ್ನು ದೇವಾಲಯದ ಬಾಗಿಲಲ್ಲೇ ತಡೆದನೆಂಬ ಚಿತ್ರ ಕಲಾವಿದರಿಗೆ ಬಹುಪ್ರಿಯವಾದುದು. ಇದು ನಂತರದವರ ಅಲಂಕಾರವೆಂಬುದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಉಳಿದುಬಂದಿರುವ ಆಂಬ್ರೋಸನ ಪತ್ರ ಬೇರೆಯದನ್ನೇ ತಿಳಿಸುತ್ತದೆ. ಚಕ್ರವರ್ತಿಯೊಬ್ಬನೇ ಓದಲೆಂದು ಅವನು ಅದನ್ನು ಸ್ವಹಸ್ತದಿಂದ ಬರೆದಿದ್ದ. ಪಾಪವನ್ನು ಒಪ್ಪಿಕೊಂಡ ದಾವೀದ ಅರಸನನ್ನು ನೆನಪಿಸಿ, ಪಶ್ಚಾತ್ತಾಪವಿಲ್ಲದೆ ಚಕ್ರವರ್ತಿ ಬಂದು ನಿಂತರೆ ತಾನು ಬಲಿಪೂಜೆ ಅರ್ಪಿಸಲಾರೆನೆಂದು ತಿಳಿಸಿದ್ದ. ಮಾತು ಕಠಿಣ; ಆದರೆ ಅಪಮಾನಿಸುವ ಆಸೆ ಅದರಲ್ಲಿರಲಿಲ್ಲ.

ಥಿಯೊಡೋಸಿಯಸ್ ಒಪ್ಪಿದನು. ರಾಜಲಾಂಛನಗಳನ್ನು ತೆಗೆದಿರಿಸಿ, ದೇವಾಲಯದಲ್ಲಿ ಎಲ್ಲರೆದುರು ಅತ್ತು ಕ್ಷಮೆ ಬೇಡಿದನು. 395ರಲ್ಲಿ ಅವನು ತೀರಿಕೊಂಡಾಗ ಆಂಬ್ರೋಸ್ ತನ್ನ ಚರಮಭಾಷಣದಲ್ಲಿ ಇದನ್ನು ವಿಶೇಷವಾಗಿ ಸ್ಮರಿಸಿದ. ಸಾಮಾನ್ಯರೂ ನಾಚುವ ಬಹಿರಂಗ ಪ್ರಾಯಶ್ಚಿತ್ತಕ್ಕೆ ಚಕ್ರವರ್ತಿ ನಾಚಲಿಲ್ಲವೆಂಬುದು ಅವನ ಮೆಚ್ಚುಗೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಎರಡು ವರ್ಷ ಹಿಂದೆ, 388ರಲ್ಲಿ, ಯೂಫ್ರೆಟಿಸ್ ತೀರದ ಕ್ಯಾಲಿನಿಕಮಿನಲ್ಲಿ ಕ್ರೈಸ್ತರು ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಸುಟ್ಟಿದ್ದರು. ಅಲ್ಲಿನ ಧರ್ಮಾಧ್ಯಕ್ಷನೇ ಅದನ್ನು ಕಟ್ಟಿಸಿಕೊಡಬೇಕೆಂದು ಇದೇ ಚಕ್ರವರ್ತಿ ಆಜ್ಞಾಪಿಸಿದ್ದ. ಇದೇ ಆಂಬ್ರೋಸ್ ಪೂಜೆಯನ್ನು ತಡೆಹಿಡಿದು ಆ ಆಜ್ಞೆಯನ್ನು ರದ್ದುಮಾಡಿಸಿದ. ಅಂದು ಬಾಗಿದ್ದು ಚಕ್ರವರ್ತಿಯ ಅಹಂಕಾರವಲ್ಲ, ನ್ಯಾಯ. ಗೆದ್ದದ್ದು ತನ್ನವರ ತಪ್ಪನ್ನು ತಪ್ಪೆನ್ನಲೊಪ್ಪದ ಸಮುದಾಯದ ಹೆಮ್ಮೆ.

ಎರಡು ಸಂದರ್ಭಗಳಲ್ಲೂ ಅರಸ ಗುರುವಿಗೆ ಮಣಿದ. ಹೊರನೋಟಕ್ಕೆ ಎರಡೂ ವಿನಯವೇ. ಆದರೆ ಒಂದರಲ್ಲಿ ಸತ್ತವರ ನೆನಪಿತ್ತು. ಇನ್ನೊಂದರಲ್ಲಿ ನೊಂದವರ ಲೆಕ್ಕವೇ ಇರಲಿಲ್ಲ. ಆದ್ದರಿಂದ ಯಾರು ಯಾರಿಗೆ ತಲೆಬಾಗಿದರೆಂದು ಕೇಳಿದರೆ ಸಾಲದು; ಆ ಬಾಗುವಿಕೆಯಿಂದ ಅನ್ಯಾಯಕ್ಕೊಳಗಾದವರಿಗೆ ಏನು ದೊರೆಯಿತೆಂದೂ ನಾವು ಕೇಳಬೇಕು. ಥೆಸಲೋನಿಕದ ಮೃತರಿಗೆ ಸಿಕ್ಕಿದ್ದು ತಪ್ಪೊಪ್ಪಿಗೆಯೊಂದೇ. ಕ್ಯಾಲಿನಿಕಮಿನ ಯೆಹೂದ್ಯರಿಗೆ ಅದೂ ಸಿಗಲಿಲ್ಲ. ಪರರಿಗೆ ವಿನಯ ಬೋಧಿಸುವ ಪೀಠಕ್ಕೂ ವಿನಯ ಬೇಕೆಂಬುದನ್ನು ಈ ಎರಡು ಘಟನೆಗಳನ್ನು ಜೊತೆಯಾಗಿ ಓದಿದಾಗಲೇ ನಾವು ಅರಿಯುತ್ತೇವೆ.