ಘಾಟಿಯ ಹಳಿ, ಗ್ಯಾಂಗಿನ ಡೈರಿ ಮತ್ತು ಕಂಪ್ಯೂಟರ್: ಸಕಲೇಶಪುರ ರೈಲುಮಾರ್ಗದ ನಿರ್ವಹಣಾ ದಾಖಲೆಯ ಚರಿತ್ರೆ

ಹಾನುಬಾಳು ಕಡೆಯ ಕಾಫಿ ತೋಟಗಳಲ್ಲಿ ಚೆಕ್‌ರೋಲಿಗೆ ಇರುವ ಮರ್ಯಾದೆ ಬೇರೆ ಯಾವ ಪುಸ್ತಕಕ್ಕೂ ಇಲ್ಲ. ಯಾರು ಕೆಲಸಕ್ಕೆ ಬಂದರು, ಯಾರು ಅರ್ಧ ದಿನಕ್ಕೇ ಹೊರಟರು ಎಂಬುದೆಲ್ಲ ರೈಟರ ಕೈಯಲ್ಲಿ ದಿನವೂ ದಾಖಲಾಗುತ್ತದೆ. ಅದೇ ತೋಟದ ಪಲ್ಪರ್‌ಗೆ ಸಾಮಾನ್ಯವಾಗಿ ಇಂಥ ಪುಸ್ತಕವಿರುವುದಿಲ್ಲ. ಬೇರಿಂಗ್ ಎಂದು ಬದಲಾಯಿಸಿದ್ದು, ಬೆಲ್ಟ್ ಎಷ್ಟು ಕೊಯ್ಲು ಕಂಡಿದೆ ಎಂಬುದು ಮೇಸ್ತ್ರಿಯ ನೆನಪಿನಲ್ಲಿರುತ್ತದೆ. ಕೊಯ್ಲಿನ ಕೆಲವು ತಿಂಗಳು ಓಡಿ ಉಳಿದ ಕಾಲವೆಲ್ಲ ಸುಮ್ಮನೆ ನಿಲ್ಲುವ ಯಂತ್ರಕ್ಕೆ ಅಷ್ಟು ಸಾಕು. ಅದೇ ಸಕಲೇಶಪುರ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ, ದೋಣಿಗಾಲ್ ದಾಟಿ ಕಾಡಿಗಿಳಿಯುವ ರೈಲುದಾರಿಗೆ ಅದು ಸಾಲದು. ಅಲ್ಲಿ ಹಳಿಗೆ ಬಿಡುವಿಲ್ಲ. ಅದನ್ನು ನೋಡಿಕೊಳ್ಳುವ ಮೇಸ್ತ್ರಿ ವರ್ಗವಾಗಿ ಹೋದರೆ ಅವನ ನೆನಪೂ ಅವನ ಜೊತೆಗೇ ಹೋಗುತ್ತದೆ.

ಹಲವು ಘಟಕಗಳ ಯಂತ್ರಗಳ ಆರೈಕೆಯನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರುವ ಪ್ರಯತ್ನದ ಚರಿತ್ರೆಯನ್ನು ಕಾರ್ಖಾನೆಗಳಿಂದ ಆರಂಭಿಸುವುದು ರೂಢಿ. ಪಶ್ಚಿಮದ ದೊಡ್ಡ ಕಾರ್ಖಾನೆಗಳು 1960ರ ದಶಕದಲ್ಲಿ ಪಂಚ್ ಕಾರ್ಡ್‌ಗಳಲ್ಲಿ ಯಂತ್ರಗಳ ಪಾಳಿ ಬರೆದಿಟ್ಟವು. 1971ರ ಹೊತ್ತಿಗೆ ಜಪಾನಿನ ನಿಪ್ಪಾನ್‌ಡೆನ್ಸೊ ಕಂಪನಿಯಲ್ಲಿ ಸೈಚಿ ನಕಾಜಿಮ ಅವರ ಚಿಂತನೆಯಂತೆ ಯಂತ್ರದ ಆರೈಕೆ ಅದನ್ನು ಓಡಿಸುವವನ ಕೆಲಸವೂ ಆಯಿತು. 1985ರಲ್ಲಿ ಮ್ಯಾಕ್ಸಿಮೊ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂತು. ಅದರ ಒಡೆತನ 2006ರಲ್ಲಿ ಐಬಿಎಂ ಪಾಲಾಯಿತು. ಮಲೆನಾಡಿನಲ್ಲಿ ನಿಂತು ನೋಡಿದರೆ ಈ ಚರಿತ್ರೆಗೆ ಇನ್ನೊಂದು ಮೊದಲು ಕಾಣುತ್ತದೆ. ಸಾವಿರಾರು ಮೈಲಿ ಉದ್ದದ ಕಾರ್ಖಾನೆಯೇ ಆಗಿರುವ ರೈಲ್ವೆ, ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಎಲ್ಲ ವಿಭಾಗಗಳಿಗೂ ಒಂದೇ ಮಾದರಿಯ ರಿಜಿಸ್ಟರ್ ಹಂಚಿತ್ತು.

ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಮುಂದೆ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಘಾಟಿ ವರ್ಷಗಟ್ಟಲೆ ಮುಚ್ಚಿತು. 2006ರಲ್ಲಿ ಗೂಡ್ಸ್ ಗಾಡಿಗಳು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡಿದವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ನಿಲ್ದಾಣಗಳ ನಡುವೆ ನೇರ ಹಳಿ ಹುಡುಕಿದರೂ ಸಿಗುವುದು ಕಷ್ಟ.

ತಿರುವಿನ ಹಳಿಯ ಆರೋಗ್ಯ ನೋಡುವ ವಿಧಾನ ಈಗಲೂ ಒಂದು ದಾರದಿಂದ ಶುರುವಾಗುತ್ತದೆ. 20 ಮೀಟರ್ ಉದ್ದದ ನೈಲಾನ್ ದಾರದ ಎರಡು ತುದಿಗಳನ್ನು ಇಬ್ಬರು ಗ್ಯಾಂಗ್‌ಮನ್‌ಗಳು ಹೊರಹಳಿಯ ಒಳಮೈಗೆ ಒತ್ತಿ ಹಿಡಿಯುತ್ತಾರೆ. ಮೂರನೆಯವನು ದಾರದ ನಡುವಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ದಾರಕ್ಕೂ ಹಳಿಗೂ ಇರುವ ಅಂತರವನ್ನು ಸ್ಕೇಲಿನಿಂದ ಅಳೆದು ಮಿಲಿಮೀಟರ್ ಕೂಗುತ್ತಾನೆ, ಪಕ್ಕದವನು ಬರೆದುಕೊಳ್ಳುತ್ತಾನೆ. 250 ಮೀಟರ್ ತ್ರಿಜ್ಯದ ತಿರುವಾದರೆ ಆ ಅಂತರ 200 ಮಿಲಿಮೀಟರ್ ಇರಬೇಕು. ಹತ್ತು ಮೀಟರ್ ಮುಂದೆ ಹೋಗಿ ಮತ್ತೆ ಅಳತೆ. ಒಂದು ಕಡೆ 200, ಮುಂದೆ 225, ಅದರ ಮುಂದೆ 180 ಬಂದರೆ ಹಳಿ ಜರುಗಿದೆ ಎಂದು ಕಣ್ಣಿಗೆ ಕಾಣುವ ಮೊದಲೇ ಲೆಕ್ಕ ಹೇಳುತ್ತದೆ. ಕರ್ವ್ ರಿಜಿಸ್ಟರಿನಲ್ಲಿ ಹಿಂದಿನ ಸಲದ ಅಂಕಿಯೂ ಇರುವುದರಿಂದ ಯಾವ ತಿರುವು ಪದೇ ಪದೇ ಕೆಡುತ್ತದೆ ಎಂಬುದೂ ಗೊತ್ತಾಗುತ್ತದೆ. ಇದರ ಜೊತೆಗೆ ಗ್ಯಾಂಗಿನ ಡೈರಿ, ದಿನಕ್ಕೊಮ್ಮೆ ತನ್ನ ಸರಹದ್ದನ್ನೆಲ್ಲ ನಡೆದು ನೋಡುವ ಕೀಮನ್‌ನ ವರದಿ, ಪುಶ್ ಟ್ರಾಲಿಯಲ್ಲಿ ಹೋಗುವ ಎಂಜಿನಿಯರ್‌ನ ಟಿಪ್ಪಣಿ. ಇಷ್ಟೂ ಸೇರಿದರೆ, ಇಂದು ತಂತ್ರಾಂಶ ಮಾರುವವರು ಹೇಳುವ ಆಸ್ತಿ ಪಟ್ಟಿ, ಕೆಲಸದ ಆದೇಶ, ತಪಾಸಣೆಯ ಪಾಳಿ ಎಲ್ಲವೂ ಅಲ್ಲೇ ಇದ್ದವು. ಒಂದೇ ಕೊರತೆ: ಆ ರಿಜಿಸ್ಟರ್ ಇದ್ದ ಕೋಣೆಗೆ ಹೋದವನಿಗೆ ಮಾತ್ರ ಅದು ಕಾಣುತ್ತಿತ್ತು.

ಚಲಿಸುವ ಆಸ್ತಿಯ ಕಥೆ ಇನ್ನೂ ಸೊಗಸಾದದ್ದು. ಗೂಡ್ಸ್ ವ್ಯಾಗನ್‌ನ ರಿಜಿಸ್ಟರ್ ಅದರ ಮೈಮೇಲೆಯೇ ಇರುತ್ತದೆ: ಕೊನೆಯ ದೊಡ್ಡ ರಿಪೇರಿ ಯಾವ ವರ್ಕ್‌ಶಾಪಿನಲ್ಲಿ ಆಯಿತು, ಮುಂದೆ ಯಾವ ದಿನದೊಳಗೆ ಹಿಂದಿರುಗಬೇಕು ಎಂಬುದನ್ನು ಪಕ್ಕದ ತಗಡಿನ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಬಳ್ಳಾರಿ ಕಡೆಯಿಂದ ಅದಿರು ಹೊತ್ತು ಈ ಘಾಟಿ ಇಳಿದು ಪಣಂಬೂರು ಸೇರುತ್ತಿದ್ದ ವ್ಯಾಗನ್ ಮೈಸೂರು ವಿಭಾಗದ ಗಡಿ ದಾಟಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿಂದ ಎಲ್ಲಿಗಾದರೂ ಹೋಗಬಹುದಿತ್ತು. ಅದರ ಕಡತ ಅದರ ಹಿಂದೆ ಓಡುವುದಂತೂ ಸಾಧ್ಯವಿರಲಿಲ್ಲ. ಹೀಗಾಗಿ ವ್ಯಾಗನ್ನೇ ಕಡತವಾಯಿತು.

2003ರಲ್ಲಿ ಬಂದ 11 ಅಂಕಿಗಳ ವ್ಯಾಗನ್ ಸಂಖ್ಯೆ ಈ ಚರಿತ್ರೆಯ ನಿಜವಾದ ತಿರುವು ಎಂದರೆ ಅತಿಶಯವಾಗದು. ಮೊದಲ ಎರಡು ಅಂಕಿ ವ್ಯಾಗನ್‌ನ ಬಗೆ, ಮುಂದಿನ ಎರಡು ಒಡೆತನದ ರೈಲ್ವೆ, ಮತ್ತೆರಡು ತಯಾರಾದ ವರ್ಷ, ಆಮೇಲೆ ನಾಲ್ಕು ಅಂಕಿ ಅದರ ಸ್ವಂತ ಸಂಖ್ಯೆ. ಕೊನೆಯದು ತಾಳೆ ಅಂಕಿ. ಮಳೆಯಲ್ಲಿ ನೆನೆಯುತ್ತಾ ಓದಿ ಬರೆದುಕೊಂಡವನು ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್ ಅಲ್ಲೇ ಹಿಡಿಯುತ್ತದೆ. ತಂತ್ರಾಂಶ ಖರೀದಿಗೆ ಕೋಟಿ ಸುರಿದು, ಒಂದೇ ಪಂಪನ್ನು ಒಂದು ಘಟಕ ಒಂದು ಹೆಸರಿನಿಂದ, ಮತ್ತೊಂದು ಘಟಕ ಇನ್ನೊಂದು ಹೆಸರಿನಿಂದ ದಾಖಲಿಸಿಕೊಂಡು ಕೈಚೆಲ್ಲಿ ಕೂತ ಉದ್ಯಮಗಳಿಗೆ ಲೋಕದಲ್ಲಿ ಬರಗಾಲವಿಲ್ಲ. ರೈಲ್ವೆ ಸಂಖ್ಯೆಯನ್ನು ಮೊದಲು ಸರಿಮಾಡಿಕೊಂಡಿತು. ಉಳಿದದ್ದು ಅದರ ಮೇಲೆ ನಿಂತಿತು.

ರೈಲ್ವೆಯ ತಂತ್ರಾಂಶಗಳನ್ನು ಕಟ್ಟುವ ಕ್ರಿಸ್ ಸಂಸ್ಥೆ 1986ರಲ್ಲಿ ಹುಟ್ಟಿತು. ಅದರ ಗಮನ ಮೊದಲು ಹರಿದದ್ದು ಟಿಕೆಟ್ ಮತ್ತು ಸರಕು ಸಾಗಣೆಯ ಕಡೆಗೆ. ಅದು ಸಹಜವೇ, ಹಣ ಬರುವುದು ಅಲ್ಲಿಂದ. ಆರೈಕೆಯ ಸರದಿ ತಡವಾಗಿ ಬಂತು. ಹಳಿಗೆ ಟಿಎಂಎಸ್, ಸಿಗ್ನಲ್‌ಗೆ ಎಸ್‌ಎಂಎಂಎಸ್, ಎಂಜಿನ್‌ಗೆ ಸ್ಲ್ಯಾಮ್, ಬೋಗಿಗೆ ಸಿಎಂಎಂ, ವ್ಯಾಗನ್‌ಗೆ ಎಫ್‌ಎಂಎಂ ಎಂದು ಒಂದೊಂದಾಗಿ ವಿಭಾಗಗಳಿಗೆ ಹರಡಿದವು. ಸೇತುವೆಗಳ ಪಾಲಿಗೆ ಬಂದ ಐಆರ್-ಬಿಎಂಎಸ್ 2020ರದು. ಗಮನಿಸಬೇಕಾದದ್ದು, ಇದು ಒಂದು ವ್ಯವಸ್ಥೆಯಲ್ಲ, ಹಲವು. ಹಳಿಯ ಇಲಾಖೆ, ಸಿಗ್ನಲ್ ಇಲಾಖೆ, ಎಂಜಿನ್ ಇಲಾಖೆಗಳು ರಿಜಿಸ್ಟರಿನ ಕಾಲದಲ್ಲಿ ಬೇರೆಬೇರೆಯಾಗಿ ಇದ್ದಂತೆಯೇ ಪರದೆಯ ಮೇಲೂ ಬೇರೆಬೇರೆಯಾಗಿ ಕೂತವು. ಊರಿನಿಂದೂರಿಗೆ ಇದ್ದ ಗೋಡೆ ಬಿತ್ತು, ಇಲಾಖೆಗಳ ನಡುವಿನದು ಅಷ್ಟು ಸುಲಭಕ್ಕೆ ಬೀಳಲಿಲ್ಲ.

ಊರಿನಿಂದೂರಿನ ಗೋಡೆ ಬಿದ್ದದ್ದೂ ಸಣ್ಣ ಸಂಗತಿಯೇನಲ್ಲ. ಸುಬ್ರಹ್ಮಣ್ಯ ರೋಡ್‌ನಿಂದ ಏರಿ ಬರುವ ಭಾರದ ಗಾಡಿಗೆ ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್‌ಗಳು ಬೇಕು. ಇಲ್ಲಿ ಬಹುಕಾಲ ದುಡಿದ ಡೀಸೆಲ್ ಎಂಜಿನ್‌ಗಳ ಮನೆ ಹುಬ್ಬಳ್ಳಿ, ಕೃಷ್ಣರಾಜಪುರಂನಂಥ ದೂರದ ಶೆಡ್‌ಗಳು. ಎಂಜಿನ್ ಎಡಕುಮೇರಿಯಲ್ಲಿ ತೊಂದರೆ ಕೊಟ್ಟರೆ ಅದರ ಪೂರ್ವಚರಿತ್ರೆ ಗೊತ್ತಿರುವವರು ನೂರಾರು ಕಿಲೋಮೀಟರ್ ಆಚೆ ಇರುತ್ತಾರೆ. ಹಿಂದೆ ಆ ಚರಿತ್ರೆ ಫೋನಿನಲ್ಲಿ, ನೆನಪಿದ್ದಷ್ಟು ಬರುತ್ತಿತ್ತು. ಹಂಚಿಕೊಂಡ ದಾಖಲೆಯಲ್ಲಿ ಶೆಡ್‌ನ ಕೆಲಸ, ದಾರಿಯ ತೊಂದರೆ ಎರಡೂ ಒಂದೇ ಎಂಜಿನ್ ಸಂಖ್ಯೆಯಡಿ ಸೇರುತ್ತವೆ. ಒಂದೇ ಮಾದರಿಯ ಬೇರೆ ಎಂಜಿನ್‌ಗಳಲ್ಲೂ ಅದೇ ಭಾಗ ಕೈಕೊಡುತ್ತಿದೆಯೇ ಎಂದು ಕೇಳುವುದು ಆಗ ಸಾಧ್ಯವಾಗುತ್ತದೆ.

ಘಾಟಿಯೊಳಗೆ ಮಾತ್ರ ಕಂಪ್ಯೂಟರಿನ ಕೈ ಅಷ್ಟು ಉದ್ದವಿಲ್ಲ. ಎಡಕುಮೇರಿಯ ಸುತ್ತಮುತ್ತ ಮೊಬೈಲ್ ಸಿಗ್ನಲ್ ಸಿಗುವುದೇ ದುರ್ಲಭ. ಹಾಗಿರುವಾಗ ಹಳಿಯ ಪಕ್ಕ ನೋಡಿದ್ದು ಆಗಿಂದಾಗಲೇ ಪರದೆಗೆ ಏರುವಂತಿಲ್ಲ. ಸುತ್ತಿಗೆ, ಸ್ಪ್ಯಾನರ್, ಕೆಂಪು–ಹಸಿರು ಬಾವುಟ ಹೊತ್ತು ನಡೆಯುವ ಕೀಮನ್ ಬಾಯಿಮಾತಿನಲ್ಲಿ ಹೇಳಿದ್ದು ಬರಹವಾಗಿ, ಬರಹ ಆಮೇಲೆ ಪರದೆಯ ಕಾಲಮ್ಮಾಗುತ್ತದೆ. ಈ ನಡುವಿನ ಗಂಟೆಗಳಲ್ಲಿ ಏನು ಸೋರಿಹೋಗುತ್ತದೆ ಎಂಬುದು ಯಾವ ಉದ್ಯಮದಲ್ಲಾದರೂ ಇಂಥ ವ್ಯವಸ್ಥೆಯ ಹಣೆಬರಹ ಬರೆಯುವ ಪ್ರಶ್ನೆ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ವರದಿ ಕೊಟ್ಟರು. ತಾವು ಪರಿಶೀಲಿಸಿದ ವಿಮಾನದ ಭಾಗಗಳಲ್ಲಿ ಶೇ. 89ರಷ್ಟಕ್ಕೆ, ಇಂತಿಷ್ಟು ವಯಸ್ಸಾದೊಡನೆ ಬದಲಾಯಿಸುವ ನಿಯಮದಿಂದ ಪ್ರಯೋಜನವಿಲ್ಲ ಎಂದು ಅವರು ತೋರಿಸಿದರು. ತಾರೀಖು ನೋಡುವುದಕ್ಕಿಂತ ಭಾಗದ ಸ್ಥಿತಿ ನೋಡಬೇಕು ಎಂಬುದು ಅವರ ವಾದ. ಪಾಳಿಯ ಪಟ್ಟಿಯನ್ನೇ ಜೀವಾಳ ಮಾಡಿಕೊಂಡ ತಂತ್ರಾಂಶಗಳಿಗೆ ಇದು ನೇರ ಸವಾಲು. ಮಲೆನಾಡಿನ ಧರೆಗೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಸ್ಲೀಪರ್‌ಗೆ ವಯಸ್ಸಿದೆ, ಜಲ್ಲಿಗೆ ಪಾಳಿಯಿದೆ. ನೀರು ಕುಡಿದ ಗುಡ್ಡಕ್ಕೆ ಯಾವ ತಾರೀಖೂ ಇಲ್ಲ.

2018ರ ಆಗಸ್ಟ್ ನಡುವಿನಲ್ಲಿ ಈ ಘಾಟಿಯ ಹತ್ತಾರು ಕಡೆ ಒಮ್ಮೆಲೇ ಧರೆ ಕುಸಿದು, ವಾರಗಟ್ಟಲೆ ಗಾಡಿಗಳು ನಿಂತವು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣೇ ಜಾರಿತು. ಹಗಲು ರಾತ್ರಿ ಕಲ್ಲು, ಮರಳಿನ ಮೂಟೆ ಪೇರಿಸಿ ದಾರಿ ಕಟ್ಟಿದ ಮೇಲೆ ಆಗಸ್ಟ್ ಮೊದಲ ವಾರದಲ್ಲಿ ಗೂಡ್ಸ್, ಅದರ ಬೆನ್ನಿಗೇ ಪ್ರಯಾಣಿಕರ ಗಾಡಿಗಳು ಓಡಿದವು. ಇಂಥ ಅಪಾಯಕ್ಕೆ ರೈಲ್ವೆಯ ಹಳೆಯ ಉತ್ತರ ಮಳೆಗಾಲದ ಪಹರೆ: ಜಾರುವ ಜಾಗಗಳ ಪಟ್ಟಿ, ಅಲ್ಲಲ್ಲಿ ಕಾವಲುಗಾರ, ರಾತ್ರಿ ದೀಪ ಹಿಡಿದು ಹಳಿಗುಂಟ ನಡೆಯುವ ಪೆಟ್ರೋಲ್‌ಮನ್. ಹಿಂದೆ ಎಲ್ಲಿ ಜಾರಿತ್ತು ಎಂಬ ನೆನಪಿನ ಮೇಲೆ ಕಟ್ಟಿದ ಪಟ್ಟಿ ಅದು. ಘಾಟಿ ತೆರೆದ ಕೆಲವೇ ದಿನಗಳಲ್ಲಿ, ಆಗಸ್ಟ್ 10ರಂದು, ಮಣ್ಣು ಮತ್ತೆ ಹಳಿಗೆ ಬಂತು. ಈ ಸಲ ಅದು ಬಿದ್ದದ್ದು ಘಾಟಿಯ ಹೊರಗೆ, ಆಲೂರು ಕಡೆಯಿಂದ ಬರುವ ದಾರಿಯಲ್ಲಿ ಬಾಳ್ಳುಪೇಟೆ–ಸಕಲೇಶಪುರ ನಡುವೆ. ಗಾಡಿಗಳು ಮತ್ತೆ ನಿಂತವು.