ಮುಪ್ಪಿನ ಪೋಷಣೆಯೂ ಆಸ್ತಿಯ ರಕ್ಷಣೆಯೂ

ವೃದ್ಧರು ಮನೆಮಠಗಳನ್ನು ಕಡೆಯವರೆಗೂ ಕೈಬಿಡಲೊಲ್ಲದಿರುವುದನ್ನು ಲೋಭವೆಂದು ಹಲವರು ಬಗೆಯುವರು. ಚರಿತ್ರೆಯನ್ನು ಪರಿಶೀಲಿಸಿದರೆ ಅದು ಬಹುಮಟ್ಟಿಗೆ ಆತ್ಮರಕ್ಷಣೆಯ ಮಾರ್ಗವೆಂಬುದು ವಿದಿತವಾಗುತ್ತದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾರಿತು. ತಂದೆತಾಯಿಗಳ ಪೋಷಣೆಯ ಭಾರವೂ ಅವನದೇ ಆಗಿದ್ದಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಈ ಭಾರವನ್ನು ಮಗಳಿಗೂ ಹೊರಿಸಿತು. ಆದರೆ ತಮ್ಮ ಸಂಪಾದನೆಯಿಂದಾಗಲಿ ಸ್ವತ್ತಿನಿಂದಾಗಲಿ ಬಾಳಲಾರದವರಿಗೆ ಮಾತ್ರ ಜೀವನಾಂಶವನ್ನು ವಿಧಿಸಿತು.

ಸರ್ಕಾರದ ನೆರವೂ ಇದೇ ಜಾಡನ್ನು ಹಿಡಿಯಿತು. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ತುಂಬಿದವರಿಗೆ ಮಾಸಾಶನವನ್ನು ಕೊಟ್ಟಿತಾದರೂ ವರಮಾನಕ್ಕೆ ಮಿತಿಯನ್ನು ಹಾಕಿತು. ಅಮೆರಿಕದಲ್ಲಿ 1965ರಲ್ಲಿ ಸ್ಥಾಪಿತವಾದ ಮೆಡಿಕೈಡ್ ಎಂಬ ವೈದ್ಯಕೀಯ ನೆರವು ದೀರ್ಘಕಾಲದ ಶುಶ್ರೂಷೆಯ ವೆಚ್ಚವನ್ನೂ ವಹಿಸುವುದರಿಂದ, ಅದಕ್ಕೆ ಅರ್ಹರಾಗಲೆಂದು ಅಲ್ಲಿನ ವೃದ್ಧರು ಆಸ್ತಿಯನ್ನು ಮಕ್ಕಳಿಗೆ ವರ್ಗಾಯಿಸುವುದುಂಟು. ಇದನ್ನು ತಡೆಯಲು ಅರ್ಜಿಗೆ ಹಿಂದಿನ ಐದು ವರ್ಷಗಳ ವರ್ಗಾವಣೆಗಳನ್ನು ಅಲ್ಲಿ ಪರಿಶೀಲಿಸುವರು.

ನಮ್ಮಲ್ಲಿ ಪರಿಸ್ಥಿತಿಯು ಬೇರೆ. ಚಂದ್ರಾ ಲೇಔಟಿನಂತಹ ಬಡಾವಣೆಯಲ್ಲಿ ದುಡಿಮೆಯ ಕಾಲದಲ್ಲಿ ಮನೆ ಕಟ್ಟಿದ ಗೃಹಸ್ಥನಿಗೆ ಕೈಯಲ್ಲಿ ಹಣವಿಲ್ಲದಿದ್ದರೂ ಬಡವನೆಂಬ ಹೆಸರು ಸುಲಭವಾಗಿ ಸಲ್ಲದು. 70 ವರ್ಷ ಮೀರಿದವರಿಗೆಲ್ಲ ವರಮಾನದ ಭೇದವಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ವೆಚ್ಚವನ್ನು ಭರಿಸಲು ಕೇಂದ್ರ ಸರ್ಕಾರವು 2024ರಲ್ಲಿ ನಿರ್ಧರಿಸಿತು. ಆದರೆ ಅನ್ನವಿಕ್ಕುವ, ಕೈಹಿಡಿದು ನಡೆಸುವ ಆರೈಕೆಯು ಅದರಲ್ಲಿ ಸೇರಿಲ್ಲ. ಅದಕ್ಕೆ ಮಕ್ಕಳೇ ಗತಿ; ಮನೆಯೇ ಜಾಮೀನು.

ಈ ಸಂಬಂಧವನ್ನು ಸ್ಪಷ್ಟವಾಗಿ ಗುರುತಿಸಿದುದು 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ. ಪೋಷಿಸುವ ಷರತ್ತಿನ ಮೇಲೆ ದಾನವನ್ನು ಪಡೆದವನು ಮಾತಿಗೆ ತಪ್ಪಿದರೆ ಆ ದಾನವನ್ನು ರದ್ದುಪಡಿಸುವ ಅಧಿಕಾರವನ್ನು ಅದರ 23ನೆಯ ಪ್ರಕರಣವು ನ್ಯಾಯಮಂಡಳಿಗೆ ಕೊಟ್ಟಿದೆ. ಆದರೆ ಕರುಳಿನ ಮಮತೆಯಿಂದ ಬರೆದುಕೊಟ್ಟ ದಾನಪತ್ರದಲ್ಲಿ ಷರತ್ತನ್ನು ಕಾಣಿಸುವವರು ಎಷ್ಟು ಮಂದಿ? ಷರತ್ತು ಇದ್ದಿತೆಂಬುದು ಸಿದ್ಧವಾಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. 2025ರಲ್ಲಿ, ವೃದ್ಧರ ಹಿತವನ್ನು ಸಾಧಿಸುವಂತೆ ಅಧಿನಿಯಮವನ್ನು ಉದಾರವಾಗಿ ಅರ್ಥೈಸಬೇಕೆಂದಿತು.

ಆದುದರಿಂದ ಅಲ್ಲಿ ಆಸ್ತಿಯನ್ನು ಬಿಡುವುದು ಆರೈಕೆಗೆ ದಾರಿಯಾದರೆ, ಇಲ್ಲಿ ಇಟ್ಟುಕೊಳ್ಳುವುದೇ ದಾರಿಯಾಗಿದೆ. ದಿನನಿತ್ಯದ ಆರೈಕೆಯನ್ನು ಸಮಾಜವು ಹೊರುವತನಕ ಹಿರಿಯರ ಈ ಬಿಗಿಮುಷ್ಟಿಯನ್ನು ಹಳಿಯುವುದು ನ್ಯಾಯವಲ್ಲ.